ಸೋರೆ ಮಿಡಿಯೆಲ್ಲ ಉದುರುತ್ತಿದೆ: ಜೇನು, ಚಿಟ್ಟೆ, ಹಕ್ಕಿ ಬರಲು ಏನು ನೆಡಲಿ?

ಕೇಳಿದವರು, ತುಮಕೂರು

ಹೊಸ ಮನೆಗೆ ಬಂದು ಎರಡು ವರ್ಷವಾಯಿತು. ಮುಂದೆ ಹತ್ತು ಅಡಿ ಮಣ್ಣಿನ ಜಾಗ ಉಳಿಸಿಕೊಂಡಿದ್ದೇವೆ. ನಿಂಬೆ, ಕರಿಬೇವು, ಗುಲಾಬಿ, ಬದನೆ ಇವೆ. ತಾರಸಿಗೆ ಸೋರೆ ಬಳ್ಳಿ ಹಬ್ಬಿಸಿದ್ದೇನೆ. ಹೂವು ಬಿಡುತ್ತದೆ, ಮಿಡಿ ಹಳದಿಯಾಗಿ ಉದುರುತ್ತದೆ. ಜೇನು, ಚಿಟ್ಟೆ ಕಾಣುವುದೇ ಅಪರೂಪ. ಅಮ್ಮನ ಮನೆಯಲ್ಲಿ ಗುಬ್ಬಚ್ಚಿ, ಪಿಕಳಾರ ತುಂಬಿರುತ್ತಿದ್ದವು, ಇಲ್ಲಿ ಬೆಳಿಗ್ಗೆ ಒಂದು ಸದ್ದೂ ಇಲ್ಲ. ಎಲೆ ತಿನ್ನುವ ಹುಳಕ್ಕೆ ತಿಂಗಳಿಗೆ ಎರಡು ಸಲ ಔಷಧಿ ಹೊಡೆಯುತ್ತೇನೆ. ಯಾವ ಹೂವಿನ ಗಿಡ ತರಲಿ? ಬೆಳೆಸಿ ನೋಡಿದವರು ಹೇಳಿ.

ಶಿಡ್ಲಘಟ್ಟದಿಂದ

ಅಕ್ಕಾ, ಗಿಡ ತರುವುದು ಆಮೇಲೆ. ಮೊದಲು ಆ ಔಷಧಿ ನಿಲ್ಲಿಸಿ.

ನಮ್ಮದು ರೇಷ್ಮೆ ಸಾಕುವ ಮನೆ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ನಾಲ್ಕು ಜ್ವರ (ಹುಳ ಪೊರೆ ಬಿಡುವುದಕ್ಕೆ ನಾವು ಹಾಗೆನ್ನುತ್ತೇವೆ) ದಾಟಿ, ಇನ್ನೇನು ಗೂಡು ಕಟ್ಟಬೇಕು ಎನ್ನುವ ಹುಳಗಳು ಹಸಿರು ಕಕ್ಕಿಕೊಂಡು ಸತ್ತವು. ಅವತ್ತು ನಮ್ಮಮ್ಮ ಊಟ ಮಾಡಲಿಲ್ಲ. ರೇಷ್ಮೆ ಹುಳ ಪತಂಗದ ಮರಿ. ನಿಮ್ಮ ಕರಿಬೇವು ತಿನ್ನುವ ಹುಳ ಚಿಟ್ಟೆಯ ಮರಿ. ಒಂದಕ್ಕೆ ಸೊಪ್ಪು ಹಾಕಿ ಸಾಕುತ್ತೇವೆ, ಇನ್ನೊಂದಕ್ಕೆ ವಿಷ ಹಾಕುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಬೇವಿನೆಣ್ಣೆ ಆದರೆ ಪರವಾಗಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಎಲೆ ತಿನ್ನುವ ಹುಳಕ್ಕೆ ಅದೂ ಪೆಟ್ಟೇ.

ನಿಂಬೆ, ಕರಿಬೇವಿನ ಚಿಗುರಿನಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ ಹುಳ ಇರುತ್ತದಲ್ವಾ? ಅದೇ ಆಮೇಲೆ ಹಸಿರಾಗಿ, ಕೋಶ ಕಟ್ಟಿ, ನಿಂಬೆ ಚಿಟ್ಟೆಯಾಗಿ ಹಾರುತ್ತದೆ. ಹೂವು ಚಿಟ್ಟೆಯ ಹೊಟ್ಟೆಗೆ ಸಾಕು, ಮೊಟ್ಟೆ ಇಡಲು ಅದಕ್ಕೆ ತನ್ನದೇ ಗಿಡದ ಎಲೆ ಬೇಕು. ಎಕ್ಕದ ಮೇಲೆ ಬರುವ ಚಿಟ್ಟೆ ದಾಸವಾಳದ ಮೇಲೆ ಮೊಟ್ಟೆ ಇಡುವುದಿಲ್ಲ. ಬೇಲಿ ಪಕ್ಕ ಒಂದು ಎಕ್ಕ ತಾನಾಗಿ ಹುಟ್ಟಿದ್ದರೆ ಬಿಡಿ (ಹಾಲು ಕಣ್ಣಿಗೆ ಬೀಳದ ಹಾಗೆ ಹುಷಾರು). ಹಳದಿ ಚಿಟ್ಟೆಗಳಿಗೆ ತಂಗಡಿ. ನಂದಿಬಟ್ಟಲಿನಲ್ಲಿ ಬೆರಳು ದಪ್ಪದ ಹಸಿರು ಹುಳ, ಕತ್ತಿನ ಹತ್ತಿರ ಕಣ್ಣಿನಂಥ ನೀಲಿ ಬೊಟ್ಟು ಕಂಡರೆ ಹೆದರಬೇಡಿ. ದೊಡ್ಡದೊಂದು ಹಸಿರು ಪತಂಗದ ಮರಿ ಅದು. ಅದು ಕೋಶವಾಗುವುದು ನೆಲದ ತರಗೆಲೆಯ ನಡುವೆ. ಗಿಡದ ಬುಡವನ್ನು ದಿನಾ ಗುಡಿಸಿ ಚೊಕ್ಕ ಮಾಡಿದರೆ ಕೋಶ ಕಸದ ಗಾಡಿಗೆ ಹೋಗುತ್ತದೆ.

ಹಕ್ಕಿಯ ವಿಷಯವೂ ಇಲ್ಲೇ ಇದೆ. ಗುಬ್ಬಚ್ಚಿ ಕಾಳು ತಿನ್ನುತ್ತದೆ, ನಿಜ. ಮರಿಗೆ ಮಾತ್ರ ಹುಳ ತಂದು ಕೊಡುತ್ತದೆ. ಹೂವಿನ ರಸ ಹೀರುವ ಸೂರಕ್ಕಿಯೂ ಮರಿಗೆ ಜೇಡ, ಹುಳ ಹಿಡಿಯುತ್ತದೆ. ಹುಳ ಇಲ್ಲದ ತೋಟದಲ್ಲಿ ಅವು ಯಾಕೆ ಗೂಡು ಕಟ್ಟುತ್ತವೆ ಹೇಳಿ.

ಕೋಲಾರದಿಂದ

ಸೋರೆಯ ಬಗ್ಗೆ ಮಾತ್ರ ಹೇಳುತ್ತೇನೆ. ಹೋದ ವರ್ಷ ನಾನೂ ಇದೇ ಪಾಡು ಪಟ್ಟಿದ್ದೆ. ಸೋರೆ ಹೂವು ಬಿಳಿ, ಅರಳುವುದು ಸಂಜೆ. ಅಷ್ಟೊತ್ತಿಗೆ ಜೇನು ಗೂಡು ಸೇರಿರುತ್ತದೆ. ಕತ್ತಲಲ್ಲಿ ಬರುವ ಪತಂಗಗಳೇ ಅದಕ್ಕೆ ಆಸರೆ. ಪಡವಲವೂ ಹಾಗೆಯೇ. ನಮ್ಮ ತಾರಸಿಯಲ್ಲಿ ಬಿಳಿ ಎಲ್‌ಇಡಿ ಬಲ್ಬು ರಾತ್ರಿಯೆಲ್ಲ ಉರಿಯುತ್ತಿತ್ತು. ಪತಂಗಗಳು ಅದನ್ನೇ ಸುತ್ತಿ ಸುತ್ತಿ ಸುಸ್ತಾಗಿ ಬೆಳಿಗ್ಗೆ ಹಲ್ಲಿಗೆ ಸಿಗುತ್ತಿದ್ದವು. ಈಗ ಬೇಕಾದಾಗ ಮಾತ್ರ ಹಾಕುತ್ತೇವೆ.

ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಾಗದಿದ್ದರೆ ಮಿಡಿ ಉದುರುತ್ತದೆ. ಪತಂಗ ಬರುವವರೆಗೆ ಆ ಕೆಲಸ ನೀವೇ ಮಾಡಿ. ಹೂವಿನ ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು. ಸಂಜೆ ಆಗತಾನೆ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಗಿಸಿ. ಮೊದಲು ಬರುವ ಹೂಗಳು ಬಹುಪಾಲು ಗಂಡೇ, ಅವು ಉದುರಿದರೆ ಚಿಂತೆ ಬೇಡ.

ಬದನೆಗೆ ಬೇರೆಯೇ ಅತಿಥಿ ಬೇಕು. ಬದನೆ, ಟೊಮ್ಯಾಟೊ ಹೂವಿನ ಪರಾಗ ಸಣ್ಣ ಕೊಳವೆಯೊಳಗೆ ಇರುತ್ತದೆ. ಹೂವನ್ನು ಅಪ್ಪಿ ಹಿಡಿದು ಝುಂಯ್ ಎಂದು ನಡುಗಿಸಿದರೆ ಉದುರುತ್ತದೆ. ತುಡುವೆ ಜೇನಿಗೆ ಈ ಕೆಲಸ ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು, ದಪ್ಪ ಕರಿ ದುಂಬಿ ಇವು ಮಾಡುತ್ತವೆ. ನೀಲಿ ಪಟ್ಟೆಯದು ಮಣ್ಣಿನಲ್ಲಿ ತೂತು ಕೊರೆದು ಇರುತ್ತದೆ, ದುಂಬಿ ಒಣ ಮರ, ಬಿದಿರಿನಲ್ಲಿ. ಹಾಗಾಗಿ ದಯವಿಟ್ಟು ಆ ಹತ್ತು ಅಡಿಗೆ ಟೈಲ್ಸ್ ಹಾಕಿಸಬೇಡಿ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ದುಂಡನೆಯ ಗುರುತು ಕಂಡರೆ ಅದು ರೋಗ ಅಲ್ಲ. ಇನ್ನೊಂದು ಒಂಟಿ ಜೇನು ಗೂಡಿಗೆ ಹಾಸಲು ಎಲೆ ಒಯ್ದಿರುತ್ತದೆ.

ತುಮಕೂರಿನಿಂದಲೇ ಇನ್ನೊಬ್ಬರು

ಖರ್ಚಿಲ್ಲದ ಎರಡು ಮಾತು. ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ಒಂದು ಗಿಡದಲ್ಲಾದರೂ ಬಿಡಿ. ಸಣ್ಣ ಜೇನುಗಳು ಬೆಳಿಗ್ಗೆಯಿಂದ ಅಲ್ಲೇ ಇರುತ್ತವೆ. ಬಲಿತ ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಡಿ. ಮಳೆ ಬಿದ್ದ ಮೇಲೆ ತುಂಬೆ ತಾನಾಗಿ ಏಳುತ್ತದೆ, ಕಳೆ ಅಂತ ತೆಗೆಯಬೇಡಿ.

ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಒಳಗೆ ನಾಲ್ಕು ಕಲ್ಲು ಹಾಕಿ, ಇಲ್ಲದಿದ್ದರೆ ಜೇನು ಮುಳುಗುತ್ತದೆ. ದಿನಾ ನೀರು ಚೆಲ್ಲಿ ಉಜ್ಜಿದರೆ ಸೊಳ್ಳೆಯಾಗುವುದಿಲ್ಲ. ಬೆಕ್ಕು ಅಡಗುವ ಪೊದೆಯಿಂದ ದೂರ ಇರಲಿ.

ನಮ್ಮಲ್ಲಿ ಸೂರಕ್ಕಿ ಬಟ್ಟೆ ಹಗ್ಗದ ತುದಿಗೇ ಗೂಡು ನೇತುಹಾಕಿತು, ಜೇಡರ ಬಲೆಯಿಂದ ಹೊಲಿದು. ಮರಿ ಹಾರುವವರೆಗೆ ಬಟ್ಟೆ ತಾರಸಿಯಲ್ಲಿ ಒಣಗಿಸಿದೆವು. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ.

ಕೇಳಿದವರು, ಐದು ವಾರದ ನಂತರ

ಔಷಧಿ ನಿಲ್ಲಿಸಿದೆ. ಸಂಜೆ ಹೂವು ತಾಗಿಸಿ ಮೂರು ಸೋರೆ ನಿಂತಿವೆ! ಆದರೆ ಕರಿಬೇವಿನಲ್ಲಿ ಏಳು ಹುಳ. ಒಗ್ಗರಣೆಗೆ ಎಲೆ ಇಲ್ಲ ಅಂತ ಅತ್ತೆಗೆ ಬೇಜಾರು. ಏನು ಮಾಡಲಿ?

ಶಿಡ್ಲಘಟ್ಟದಿಂದ

ಏಳು ಬಂದಿವೆಯಾ! ಬಹಳ ಸಂತೋಷ ಅಕ್ಕಾ. ಹುಳ ಇರುವ ಎಲೆಯನ್ನು ಕಡ್ಡಿ ಸಮೇತ ಕತ್ತರಿಸಿ ನಿಂಬೆ ಗಿಡಕ್ಕೆ ಸಿಕ್ಕಿಸಿ, ತಾನೇ ಹತ್ತಿಕೊಳ್ಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಘಾಟು ಬಿಡುತ್ತದೆ, ಕಚ್ಚುವುದಿಲ್ಲ. ಕರಿಬೇವಿನ ಬುಡದಲ್ಲಿ ಬೇರಿನಿಂದ ಎದ್ದ ಮರಿಗಿಡ ಇದ್ದರೆ ಬೇರೆ ಕುಂಡಕ್ಕೆ ನೆಡಿ. ದೊಡ್ಡದು ಅತ್ತೆಯವರಿಗೆ, ಚಿಕ್ಕದು ಚಿಟ್ಟೆಗೆ.