ಕೀ ಹಿಂದೆ ಉಳಿಯಿತು, ಕಾರು ಲಿವಾ ಮರುಭೂಮಿಗೆ ಹೋಯಿತು: ಇದನ್ನು ಕೊಳ್ಳಲೇ, ಬಿಡಲೇ?

ಶಿರಸಿಯವಳು (ಅಬುಧಾಬಿ) ಕೇಳಿದ್ದು:

ಹದಿಮೂರು ವರ್ಷದಿಂದ ಒಂದೇ ಕಾರು ಓಡಿಸುತ್ತಿದ್ದೇನೆ. ಕೀ ತೂರಿಸಿ, ತಿರುಗಿಸಿ, ಒಂದು ಸಲ ಕೆಮ್ಮಿಸಿ ಹೊರಡಿಸುವ ಕಾರು. ಈ ಸಲದ ನೋಂದಣಿ ನವೀಕರಣದ ತಪಾಸಣೆಯಲ್ಲಿ ಅದು ಎರಡು ಬಾರಿ ನಪಾಸಾಯಿತು. ಇನ್ನು ಅದನ್ನು ಹಿಂಸಿಸುವುದು ಬೇಡ ಎಂದು ಹೊಸ ಸೆಡಾನ್ ನೋಡಲು ಹೋದೆವು. ಒಂದೇ ಮಾದರಿಯಲ್ಲಿ ಎರಡು ತರಹ ಇವೆ. ಕೆಳಗಿನದರಲ್ಲಿ ಮಾಮೂಲಿ ಕೀ. ಮೇಲಿನದರಲ್ಲಿ ಕೀಯನ್ನು ಚೀಲದಿಂದ ಹೊರತೆಗೆಯುವುದೇ ಬೇಡ. ಹಿಡಿಕೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ವ್ಯತ್ಯಾಸ 6,000 ದಿರ್ಹಮ್.

ಮಳಿಗೆಯವರ ಪರೀಕ್ಷಾ ಸವಾರಿ ಎಂದರೆ ಮುಸಫ್ಫಾದಲ್ಲಿ ಹನ್ನೆರಡು ನಿಮಿಷದ ಒಂದು ಸುತ್ತು. ಹನ್ನೆರಡು ನಿಮಿಷದಲ್ಲಿ ಉಪ್ಪಿಟ್ಟು ತಿಂದು ಹುಡುಗನನ್ನು ಒಪ್ಪಿಕೊಂಡವಳು ನಾನು, ಆದರೆ ಕಾರನ್ನು ಹಾಗೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೇ ಅದೇ ಮಾದರಿಯನ್ನು ಎರಡು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡು ಲಿವಾಕ್ಕೆ ಹೊರಟೆವು. ನಾನು, ನಮ್ಮವರು, ಊರಿನಿಂದ ಬಂದಿರುವ ಅತ್ತೆ.

ಹೋಗುವಾಗ ಹಮೀಮ್ ರಸ್ತೆ ಹಿಡಿದೆವು. ಪಿರಮಿಡ್ ಆಕಾರದ ಕಾರು ಸಂಗ್ರಹಾಲಯ ದಾಟಿದ ಮೇಲೆ ಆ ದಾರಿಯಲ್ಲಿ ಮಾತನಾಡಿಸುವವರೇ ಇಲ್ಲ. ಎರಡೂ ಕಡೆ ಮರಳು, ಒಂಟೆ ಬೇಲಿ, ಮತ್ತೆ ಮರಳು. ನವೆಂಬರ್ ಆದ್ದರಿಂದ ಹೊರಗೆ 31 ಡಿಗ್ರಿ ಇತ್ತು. ಕಾರಿನ ಬಗ್ಗೆ ಹೇಳುವುದಾದರೆ ದೂರುವುದಕ್ಕೆ ಹೆಚ್ಚೇನೂ ಇಲ್ಲ. 120ರಲ್ಲಿ ಹೋಗುವಾಗ ಕನ್ನಡಿಯ ಬಳಿ ಗಾಳಿ ಸ್ವಲ್ಪ ಶಿಳ್ಳೆ ಹೊಡೆಯುತ್ತದೆ. ಹಿಂದಿನ ಸೀಟಿಗೂ ಎಸಿ ಕಿಂಡಿ ಇದೆ. ಅತ್ತೆ ಅರ್ಧ ದಾರಿಯಲ್ಲೇ ಶಾಲು ಹೊದ್ದರು. ಮರಳು ನಾಲಿಗೆ ಚಾಚಿದಂತೆ ರಸ್ತೆಯ ಮೇಲೆ ಬಂದಿದ್ದ ಕಡೆ ಬ್ರೇಕ್ ಒತ್ತಿದಾಗ ಎಲ್ಲಿಯೂ ಜಾರಲಿಲ್ಲ. ಪ್ರತಿ ಲೀಟರಿಗೆ 16 ಕಿಲೋಮೀಟರ್ ಎಂದು ಪರದೆ ತೋರಿಸಿತು. ಅಂಕಿಗಳನ್ನು ಮಾತ್ರ ಓದಬಲ್ಲವಳಾಗಿದ್ದೆ, ಏಕೆಂದರೆ ಹಿಂದಿನ ಬಾಡಿಗೆದಾರ ಯಾರೋ ಪರದೆಯ ಭಾಷೆಯನ್ನು ಅರಬ್ಬಿಗೆ ಬದಲಿಸಿಟ್ಟಿದ್ದ. ಬದಲಿಸುವುದು ಹೇಗೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೆವು. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೆಜೈರಾದಲ್ಲಿ ಒಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಲ್ಲಿಯವರೆಗೆ ಓಡಿಸಿದವರು ನಮ್ಮವರು. ಅತ್ತೆಗೆ ಸೆಕೆಯಾಗಬಾರದೆಂದು ಎಂಜಿನ್ ಬಂದ್ ಮಾಡದೆ ಇಳಿದರು. ಅಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಇಬ್ಬರೂ ಕುಂದಾಪುರದ ಮೀನಿನ ಬಗ್ಗೆ ಮಾತಿಗೆ ನಿಂತರೆ ಸೂರ್ಯ ಮುಳುಗುತ್ತದೆಂದು ನನಗೆ ಗೊತ್ತು. ‘ನೀನು ಅಮ್ಮನನ್ನು ಕರೆದುಕೊಂಡು ಹೋಗಿ ಗುಡ್ಡ ತೋರಿಸಿ ಬಾ’ ಎಂದರು. ನಾನು ಚಾಲಕರ ಸೀಟಿಗೆ ಸರಿದು ಹೊರಟೆ. ಕಾರು ಕುಂಯ್ ಕುಂಯ್ ಎಂದಿತು. ಪರದೆಯಲ್ಲಿ ಒಂದು ಸಾಲು ಅರಬ್ಬಿ ಮೂಡಿತು. ಅತ್ತೆ ಸೀಟು ಪಟ್ಟಿ ಕಟ್ಟಿಲ್ಲವೆಂದು ನಾನು ತಿಳಿದೆ. ಅವರು ಕಟ್ಟಿದರು. ಸದ್ದೂ ನಿಂತಿತು! ಇನ್ನೇನು ಬೇಕು?

ತಾಲ್ ಮೊರೀಬ್ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ, ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯ ಅಂಚಿನಲ್ಲಿ. ಸುಮಾರು 300 ಮೀಟರ್ ಎತ್ತರದ ಮರಳು ಗುಡ್ಡ. ನೋಡಿದವರಿಗೆ ಗೊತ್ತು, ಫೋಟೋದಲ್ಲಿ ಅದು ಬರುವುದೇ ಇಲ್ಲ. ಕಾರು ಬಂದ್ ಮಾಡಿ ಇಳಿದೆವು. ಅತ್ತೆ ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ಹತ್ತಿ, ‘ಇಷ್ಟು ಮರಳು ನಮ್ಮೂರಲ್ಲಿದ್ದರೆ ಗುತ್ತಿಗೆದಾರರು ಒಂದು ವಾರ ಇಡುತ್ತಿದ್ದರೇ?’ ಎಂದರು. ಹಿಂತಿರುಗಿ ಗುಂಡಿ ಒತ್ತಿದೆ. ಮತ್ತೆ ಅದೇ ಕುಂಯ್, ಅದೇ ಅರಬ್ಬಿ ಸಾಲು. ಎಂಜಿನ್ ಏಳಲಿಲ್ಲ. ಐದನೆಯ ಸಲಕ್ಕೆ ತಲೆಗೆ ಹೊಳೆಯಿತು: ಕೀ ನಮ್ಮವರ ಪ್ಯಾಂಟಿನ ಜೇಬಿನಲ್ಲಿದೆ.

ಫೋನ್ ಸಿಕ್ಕಿತು, ಸ್ನೇಹಿತರ ಪಿಕಪ್ ಮುಕ್ಕಾಲು ಗಂಟೆಯಲ್ಲಿ ಬಂತು. ಅಲ್ಲಿಯವರೆಗೆ ಇಬ್ಬರೂ ಬಾಗಿಲು ತೆರೆದಿಟ್ಟು ಚಕ್ಕುಲಿ ತಿಂದೆವು. ಅತ್ತೆ ಒಂದೇ ಮಾತು ಕೇಳಿದರು: ‘ಬೀಗದ ಕೈ ಇಲ್ಲದೆ ಮನೆ ಬಾಗಿಲು ತೆಗೆದುಕೊಂಡರೆ ಅದನ್ನು ಮನೆ ಅನ್ನುತ್ತಾರೆಯೇ?’ ಇದೇ ಆಗಸ್ಟ್ ಆಗಿದ್ದರೆ ಚಕ್ಕುಲಿ ತಿನ್ನುವ ಸ್ಥಿತಿ ಇರುತ್ತಿರಲಿಲ್ಲ.

ಈಗ ನನ್ನ ಪ್ರಶ್ನೆ. ಕೀ ಇಲ್ಲವೆಂದು ಗೊತ್ತಿದ್ದೂ ಆ ಕಾರು ನನ್ನನ್ನು ಅಷ್ಟು ದೂರ ಹೋಗಲು ಬಿಟ್ಟಿದ್ದೇಕೆ? ಇದು ಕಾರಿನ ದೋಷವೋ, ಎಲ್ಲ ಕಾರುಗಳೂ ಹೀಗೆಯೋ? ಕೀ ಜೊತೆಯಲ್ಲೇ ಇದ್ದು ಅದರೊಳಗಿನ ಸೆಲ್ ಸತ್ತರೆ ಏನು ಗತಿ? ಕಾರು ಇಷ್ಟವಾಗಿದೆ. ಆದರೆ 6,000 ದಿರ್ಹಮ್ ಹೆಚ್ಚು ಕೊಟ್ಟು ಈ ಭಯವನ್ನು ಮನೆಗೆ ತರಬೇಕೇ?

ವೈರಿನವನು (ಶಾರ್ಜಾ) ಉತ್ತರ:

ಅಕ್ಕಾ, ಹತ್ತೊಂಬತ್ತು ವರ್ಷದಿಂದ ವಾಹನಗಳ ವಿದ್ಯುತ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕಥೆಯನ್ನು ಬೇರೆ ಬೇರೆ ಹೆಂಡತಿಯರ ಬಾಯಲ್ಲಿ ಕೇಳಿದ್ದೇನೆ. ಬಹಳ ಸಲ ವಿಮಾನ ನಿಲ್ದಾಣದ ಕಥೆ ಅದು: ಗಂಡ ಕೀ ಸಮೇತ ವಿಮಾನ ಹತ್ತುತ್ತಾನೆ, ಹೆಂಡತಿ ಕಾರು ಮನೆಗೆ ತಂದು ಬಂದ್ ಮಾಡುತ್ತಾಳೆ, ಮರುದಿನ ನನಗೆ ಫೋನ್.

ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಕಾರಿನೊಳಗೆ ಸಣ್ಣ ಆಂಟೆನಾಗಳಿವೆ. ಅವು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ‘ಇದ್ದೀಯಾ?’ ಎಂದು ಕೇಳುತ್ತವೆ. ಆ ಕೂಗು ಒಂದೂವರೆ ಮೀಟರಿನ ಆಚೆ ಹೋಗುವುದು ಕಷ್ಟ. ಕೀ ಅದನ್ನು ಕೇಳಿಸಿಕೊಂಡು 433 ಮೆಗಾಹರ್ಟ್ಸ್‌ನಲ್ಲಿ ಗುಪ್ತ ಸಂಕೇತದ ಉತ್ತರ ಕೊಡುತ್ತದೆ. (ಅಮೆರಿಕದಿಂದ ಬಂದ ಹಳೆ ಕಾರುಗಳ ಕೀ 315ರಲ್ಲಿ ಮಾತನಾಡುತ್ತದೆ. ಅಂಥದಕ್ಕೆ ಇಲ್ಲಿನ ಅಂಗಡಿಯ ಕೀ ಕೊಂಡು ತಂದು ನನ್ನ ಮುಂದೆ ಅತ್ತವರಿದ್ದಾರೆ.) ಎಂಜಿನ್ ಓಡುತ್ತಿರುವಾಗ ಉತ್ತರ ಬರದಿದ್ದರೆ ಕಾರು ಎಚ್ಚರಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಏನಾಗುತ್ತದೆ ಯೋಚಿಸಿ. ನೀವು 120ರಲ್ಲಿದ್ದೀರಿ, ಹಿಂದೆ ಟ್ರೇಲರ್ ಬರುತ್ತಿದೆ, ಕೀಯಲ್ಲಿ ಸೆಲ್ ಮುಗಿಯಿತೆಂದು ಎಂಜಿನ್ ಸತ್ತರೆ? ಮುಕ್ಕಾಲು ಗಂಟೆ ಚಕ್ಕುಲಿ ತಿನ್ನುವುದೇ ಮೇಲು.

ಸೆಲ್ ಸತ್ತರೆ ಹೆದರಬೇಡಿ. ಕೀಯ ಪಕ್ಕದಲ್ಲಿ ಸಣ್ಣ ಚಿಲಕವಿದೆ, ಎಳೆದರೆ ಲೋಹದ ಕೀ ಹೊರಬರುತ್ತದೆ. ಚಾಲಕರ ಬಾಗಿಲಿನ ಹಿಡಿಕೆಯಲ್ಲಿ ಅದಕ್ಕೆ ರಂಧ್ರವಿರುತ್ತದೆ, ಕೆಲವು ಕಾರುಗಳಲ್ಲಿ ಅದನ್ನು ಮುಚ್ಚಳದ ಕೆಳಗೆ ಬಚ್ಚಿಟ್ಟಿರುತ್ತಾರೆ. ಹಾಗೆ ತೆರೆದಾಗ ಅಲಾರಂ ಕೂಗಬಹುದು, ಕೂಗಲಿ. ಒಳಗೆ ಕುಳಿತು ಬ್ರೇಕ್ ಒತ್ತಿ, ಕೀಯನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಹಿಡಿಯಿರಿ. ಕೀಯೊಳಗೆ ಸೆಲ್ ಬೇಡದ ಇನ್ನೊಂದು ಚಿಪ್ ಇದೆ, ಅದಕ್ಕೆ ಬೇಕಾದ ಶಕ್ತಿಯನ್ನು ಕಾರೇ ಕೊಡುತ್ತದೆ. ನಿಮ್ಮ ಹಳೆಯ ಕಾರಿನ ಕೀಯಲ್ಲಿ ಇರುವುದೂ ಬಹುಶಃ ಅದೇ. ತಾಗಿಸಬೇಕಾದ ಜಾಗ ಎಲ್ಲ ಕಾರಿನಲ್ಲೂ ಗುಂಡಿಯೇ ಆಗಿರುವುದಿಲ್ಲ, ಕೈಪಿಡಿ ನೋಡಿ.

ನಿಜವಾಗಿ ಹೆದರಬೇಕಾದ್ದು ಬಾನೆಟ್ ಕೆಳಗಿನ 12 ವೋಲ್ಟ್ ಬ್ಯಾಟರಿಗೆ. ಈ ಬಿಸಿಲಿನಲ್ಲಿ ಅದು ಎರಡು ವರ್ಷ ಬಾಳಿದರೆ ಪುಣ್ಯ. ಅದು ಸತ್ತರೆ ಎರಡೂ ತರಹದ ಕಾರು ಕಲ್ಲು. ಇನ್ನೊಂದು ಮಾತು, ಕೀಯನ್ನು ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಅದರೊಳಗಿನ ಸಿಆರ್ 2032 ಸೆಲ್ಲನ್ನು ಸಾಮಾನ್ಯವಾಗಿ 60 ಡಿಗ್ರಿಯವರೆಗಿನ ಬಿಸಿಗೆಂದು ಮಾಡಿರುತ್ತಾರೆ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಜುಲೈಯಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ.

ಭಟ್ಕಳ ಚಾಚಾ (ಅಲ್ ಐನ್) ಉತ್ತರ:

ತಂಗೀ, ಕೀಯ ವಿಷಯ ತಮ್ಮ ಹೇಳಿದ್ದಾನೆ. ನಾನು ಮರಳಿನ ವಿಷಯ ಹೇಳುತ್ತೇನೆ. ಸೆಡಾನ್ ತೆಗೆದುಕೊಂಡು ಮೊರೀಬಿಗೆ ಹೋದದ್ದು ಸರಿ, ಕೊನೆಯವರೆಗೂ ಟಾರು ಇದೆ. ಟಾರಿನ ಅಂಚು ಬಿಟ್ಟು ಒಂದು ಗಾಲಿಯನ್ನೂ ಇಳಿಸಬೇಡ. ಗಟ್ಟಿ ನೆಲದಂತೆ ಕಾಣುತ್ತದೆ, ಹೊಟ್ಟೆಯವರೆಗೆ ನುಂಗುತ್ತದೆ. ಹಮೀಮ್ ದಾರಿಗೆ ಟ್ಯಾಂಕ್ ತುಂಬಿಸಿಯೇ ಹೊರಡು, ತಲೆಗೆ ಐದು ಲೀಟರ್ ನೀರು ಇಡು. ಬಾಡಿಗೆ ಕಾರಾದರೆ ವೇಗವನ್ನೂ ನೋಡಿಕೋ. ದುಬೈಯಲ್ಲಿರುವ, ಫಲಕಕ್ಕಿಂತ 20 ಕಿಲೋಮೀಟರ್ ಹೆಚ್ಚಾದರೂ ದಂಡ ಹಾಕದ ರಿಯಾಯಿತಿಯನ್ನು ಅಬುಧಾಬಿಯಲ್ಲಿ 2018ರಲ್ಲೇ ತೆಗೆದುಹಾಕಿದರು. ಫಲಕದಲ್ಲಿ ಬರೆದಷ್ಟೇ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ದಂಡದ ಚೀಟಿ ಒಂದು ವಾರ ಬಿಟ್ಟು ಬರುತ್ತದೆ.

ಬರ್ಮಿಂಗ್‌ಹ್ಯಾಮಿನಿಂದ ಒಬ್ಬಳು:

ನಮ್ಮಲ್ಲಿ ಭಯ ಬೇರೆ. ಒಬ್ಬ ಕಳ್ಳ ಮನೆ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ, ಇಬ್ಬರ ಕೈಯಲ್ಲೂ ಪೆಟ್ಟಿಗೆಯಂಥ ಯಂತ್ರ. ಒಳಗೆ ಮೇಜಿನ ಮೇಲಿರುವ ಕೀಯ ಸಂಕೇತವನ್ನು ಕಾರಿಗೆ ದಾಟಿಸಿ ಗಾಜನ್ನೂ ಒಡೆಯದೆ ಒಯ್ಯುತ್ತಾರೆ. ನಾನು ಕೀಯನ್ನು ಸಂಕೇತ ತಡೆಯುವ ಚೀಲದಲ್ಲಿ ಹಾಕಿಡುತ್ತೇನೆ. ಕೊಳ್ಳುವ ಮುನ್ನ, ಅಲ್ಲಾಡದೆ ಇದ್ದಾಗ ಸಂಕೇತ ಕೊಡುವುದನ್ನು ನಿಲ್ಲಿಸಿ ತಾನೇ ಮಲಗುವ ಕೀ ಆ ಮಾದರಿಗೆ ಇದೆಯೇ ಎಂದು ಕೇಳಿ, ಕೆಲವು ಹೊಸ ಕಾರುಗಳಲ್ಲಿ ಇದೆ.

ಶಿರಸಿಯವಳು ಮತ್ತೆ:

ಎಲ್ಲರಿಗೂ ಧನ್ಯವಾದ. ನಿನ್ನೆ ಮಳಿಗೆಗೆ ಹೋದೆ. ಮಾರಾಟದ ಹುಡುಗ ತೆರೆಯುವ ಛಾವಣಿ ತೋರಿಸಲು ಹೊರಟ. ‘ಅದು ಇರಲಿ, ಕೀಯ ಸೆಲ್ ತೆಗೆದು ಕಾರು ಚಾಲೂ ಮಾಡಿ ತೋರಿಸು’ ಎಂದೆ. ಅವನಿಗೆ ಇಂಥ ಗಿರಾಕಿ ಹೊಸದು. ಕೀಯನ್ನು ಗುಂಡಿಗೆ ಹಿಡಿದ, ಆಗಲಿಲ್ಲ. ತಿರುಗಿಸಿ ಹಿಡಿದ, ಆಗಲಿಲ್ಲ. ಬೆವರಿದ. ಕೊನೆಗೆ ನಾನೇ ಕೈಪಿಡಿ ತರಿಸಿ ನೋಡಿದೆ. ಲಾಂಛನವಿರುವ ಬದಿಯನ್ನು ತಾಗಿಸಬೇಕು, ಬ್ರೇಕ್ ಒತ್ತಿಯೇ ಇರಬೇಕು. ಅವನು ಬ್ರೇಕ್ ಬಿಟ್ಟಿದ್ದ. ನಾನು ಕುಳಿತು ಮಾಡಿದೆ, ಮೊದಲ ಸಲಕ್ಕೇ ಎದ್ದಿತು. ಲೋಹದ ಕೀಯಿಂದ ಬಾಗಿಲು ತೆರೆಯುವುದನ್ನೂ ಮಾಡಿ ನೋಡಿದೆ. ಅಲಾರಂ ಕೂಗಿ ಪಕ್ಕದ ಮಳಿಗೆಯವರೂ ಬಂದರು. ಮಲಗುವ ಕೀ ಈ ಮಾದರಿಗೆ ಇಲ್ಲವಂತೆ.

ಮೇಲಿನದನ್ನೇ ಬುಕ್ ಮಾಡಿದ್ದೇನೆ. ಎರಡು ಕೀ ಕೊಡುತ್ತಾರೆ. ಒಂದು ನನ್ನ ಚೀಲದಲ್ಲಿ, ಇನ್ನೊಂದು ನಮ್ಮವರ ಜೇಬಿನಲ್ಲಿ, ಅವರು ಎಷ್ಟು ಬೇಕಾದರೂ ಮೀನಿನ ಮಾತಾಡಲಿ. ಪರದೆಯ ಭಾಷೆ ಬದಲಿಸುವುದನ್ನೂ ಕಲಿತು ಬಂದೆ.

ಶನಿವಾರ ಕಾರು ಬರುತ್ತದೆ. ಅತ್ತೆ ಈಗಲೇ ನಾಲ್ಕು ನಿಂಬೆಹಣ್ಣು ತರಿಸಿಟ್ಟಿದ್ದಾರೆ. ಕುಂಕುಮ ಹಚ್ಚುವುದು ಗುಂಡಿಗೋ ಬೀಗದ ಕೈಗೋ ಎಂದು ಬೆಳಗ್ಗೆಯಿಂದ ಕೇಳುತ್ತಿದ್ದಾರೆ. ಎರಡಕ್ಕೂ ಹಚ್ಚಿ, ನೀರು ಮಾತ್ರ ಚಿಮುಕಿಸಬೇಡಿ ಎಂದಿದ್ದೇನೆ.