ಹೊರಗುತ್ತಿಗೆಯ ಡಯಾಲಿಸಿಸ್, ರಕ್ತದ ಮಾದರಿ: ಆಸ್ಪತ್ರೆಯವರು ಏನನ್ನು ನೋಡಬೇಕು?

ಪ್ರಶ್ನೆ:
ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕವನ್ನು ಖಾಸಗಿ ಸಂಸ್ಥೆಯೊಂದು ನಡೆಸುತ್ತಿದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಪದ್ಧತಿಯಂತೆ ಜಾಗ, ವಿದ್ಯುತ್ತು, ನೀರು ನಮ್ಮದು. ಯಂತ್ರ, ನೀರು ಶುದ್ಧಗೊಳಿಸುವ ಆರ್‌ಓ ಘಟಕ, ಸಿಬ್ಬಂದಿ ಅವರದು. ರೋಗಿಗಳ ರಕ್ತ ತೆಗೆಯುವವರೂ ಅವರೇ. ಶುಶ್ರೂಷಾ ಅಧೀಕ್ಷಕಿಯಾದ ನಾನು ತಿಂಗಳ ಕೊನೆಯಲ್ಲಿ ಎಷ್ಟು ಡಯಾಲಿಸಿಸ್ ಆದವೆಂಬ ಪಟ್ಟಿಗೆ ಸಹಿ ಹಾಕಿದರೆ ಬಿಲ್ಲು ಮಂಜೂರಾಗುತ್ತದೆ. ಎಣಿಕೆಗೆ ಹಾಕಿದ ಈ ಸಹಿಯನ್ನು ಚಿಕಿತ್ಸೆ ಸರಿಯಾಗಿತ್ತೆಂಬ ಸಾಕ್ಷಿಯಾಗಿ ನಾಳೆ ಯಾರಾದರೂ ತೋರಿಸಿದರೆ ಏನು ಹೇಳಲಿ ಎಂಬ ಅಳುಕು ನನ್ನನ್ನು ಬಿಡುತ್ತಿಲ್ಲ. ನಾನು ನಿಜವಾಗಿ ನೋಡಬೇಕಾದದ್ದು ಏನನ್ನು?

ಉತ್ತರ 1:
ಮೇಡಂ, ಮೊದಲು ನೀರನ್ನು ನೋಡಿ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ಈ ನೀರಿನಿಂದಲೇ ತಯಾರಾದ ಸುಮಾರು 120 ಲೀಟರ್ ದ್ರವ ತೆಳುವಾದ ಪೊರೆಯೊಂದರ ಆಚೆಗೆ ರೋಗಿಯ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ ಮತ್ತು ಕ್ಲೋರಮೀನನ್ನು ಹಿಡಿದಿಡುವುದು ಮುಖ್ಯವಾಗಿ ಕಾರ್ಬನ್ ಟ್ಯಾಂಕು. ಅದರ ಶಕ್ತಿ ಮುಗಿದರೆ ಕ್ಲೋರಮೀನ್ ಆರ್‌ಓವನ್ನೂ ದಾಟಿ ಹೋಗಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆದ್ದರಿಂದ ಪ್ರತಿ ಪಾಳಿಗೂ ಮುನ್ನ ಪರೀಕ್ಷೆ ಆಗಲೇಬೇಕು, ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಿದರೆ ಯಂತ್ರಕ್ಕೆ ರೋಗಿಯನ್ನು ಜೋಡಿಸಬಾರದು. ಈ ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಇಡೀ ತಿಂಗಳ ನಮೂದು ಒಂದೇ ಶಾಯಿಯಲ್ಲಿ, ಒಂದೇ ಬೀಸಿನಲ್ಲಿ ಬರೆದಂತಿದ್ದರೆ ಅದನ್ನು ನಂಬಬೇಡಿ; ಪರೀಕ್ಷೆ ಮಾಡುವ ಹೊತ್ತಿಗೆ ವಾರಕ್ಕೊಮ್ಮೆಯಾದರೂ ಹೇಳದೆ ಹೋಗಿ ನಿಲ್ಲಿ. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರ ಇದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು.

ಉತ್ತರ 2:
ನಾನು ಪ್ರಯೋಗಾಲಯದವನು. ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ರೋಗಿಯೊಬ್ಬರ ಪೊಟ್ಯಾಸಿಯಂ ಜೀವಕ್ಕೇ ಅಪಾಯವೆನಿಸುವಂತೆ 8 ದಾಟಿತ್ತು, ಕ್ಯಾಲ್ಸಿಯಂ ತೀರಾ ಕುಸಿದಿತ್ತು. ಅವರಾದರೋ ಆರಾಮವಾಗಿ ಕುಳಿತು ಮಾತನಾಡುತ್ತಿದ್ದರು, ಇಸಿಜಿಯೂ ಸರಿಯಾಗಿತ್ತು. ವಿಚಾರಿಸಿದಾಗ, ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಹೋಗಿದ್ದರಿಂದ ಹೊರಗುತ್ತಿಗೆಯ ಹುಡುಗ ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದಿಷ್ಟು ಸುರಿದಿದ್ದನೆಂದು ತಿಳಿಯಿತು. ರಕ್ತ ಹೆಪ್ಪುಗಟ್ಟದಂತೆ ಆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಲವಣವಾಗಿದ್ದು, ಕ್ಯಾಲ್ಸಿಯಮನ್ನು ಕಟ್ಟಿಹಾಕುತ್ತದೆ. ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ರಕ್ತ ತೆಗೆದಾಗ ಎರಡೂ ಸರಿಯಾಗಿದ್ದವು. ನನಗೆ ಇಂದಿಗೂ ನೋವಾಗುವುದು ಇನ್ನೊಂದಕ್ಕೆ: ತಪ್ಪುಗಳ ಪುಸ್ತಕ ಆ ಸಂಸ್ಥೆಯ ಕೈಯಲ್ಲೇ ಇದ್ದುದರಿಂದ ಈ ಘಟನೆ ಅದರಲ್ಲಿ ಬರಲೇ ಇಲ್ಲ. ತಿರಸ್ಕರಿಸಿದ ಮಾದರಿಗಳ ದಾಖಲೆಯನ್ನು ನಿಮ್ಮ ಪ್ರಯೋಗಾಲಯವೇ ಬರೆದು ಇಟ್ಟುಕೊಳ್ಳಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನೀರಿನ ವರದಿಗಳು ನಮ್ಮ ಘಟಕದಲ್ಲಿ ನೇರವಾಗಿ ಸಂಸ್ಥೆಯ ಕಚೇರಿಗೆ ಹೋಗುತ್ತವೆ. ಅವುಗಳ ಪ್ರತಿ ನಮಗೂ ಬರಬೇಕೆಂದು ಆಡಳಿತ ವೈದ್ಯಾಧಿಕಾರಿಗಳಿಗೆ ಇಂದೇ ಪತ್ರ ಬರೆಯುತ್ತೇನೆ. ನಾಳೆ ಬೆಳಗಿನ ಪಾಳಿ ಆರು ಗಂಟೆಗಿದೆ, ಐದೂವರೆಗೆ ಆರ್‌ಓ ಕೋಣೆಯಲ್ಲಿರುತ್ತೇನೆ.