ಪ್ಯಾಸಿವ್ ಪ್ರೀಆಂಪ್ ಸಾಕಾ, ಆಕ್ಟಿವ್ ಬೇಕಾ? ಅನುಭವ ಇದ್ದವರು ಹೇಳಿ

ಮೈಸೂರು ಹೊಸಬ: ಡ್ಯಾಕಿಗೂ (ಡಿಜಿಟಲ್ ಹಾಡನ್ನು ಸಿಗ್ನಲ್ ಮಾಡುವ ಪೆಟ್ಟಿಗೆ) ಪವರ್ ಆಂಪಿಗೂ ನಡುವೆ ದನಿ ಏರಿಸಿ ಇಳಿಸಲು ಪ್ರೀಆಂಪ್ ಬೇಕು: ಕರೆಂಟಿಲ್ಲದೆ ಸಿಗ್ನಲ್ ಇಳಿಸುವುದಷ್ಟೇ ಮಾಡುವ ಪ್ಯಾಸಿವೋ, ಕರೆಂಟಿನಿಂದ ನಡೆಯುವ ಆಕ್ಟಿವೋ? ಡ್ಯಾಕ್ 2 ವೋಲ್ಟ್ ಕೊಡುತ್ತದೆ. ಪವರ್ ಆಂಪ್ ಇನ್‌ಪುಟ್ 47ಕೆ (47 ಸಾವಿರ ಓಮ್ ರೋಧ). ಕೇಬಲ್ ಒಂದೇ ಮೀಟರ್. ಮಗು ಮಲಗಿದ ಮೇಲೆ ಸಣ್ಣ ದನಿಯಲ್ಲಿ ಕೇಳುವುದೇ ಜಾಸ್ತಿ. ಬಜೆಟ್ 20 ಸಾವಿರ. ಯಾವುದು ತಗೊಳ್ಳಲಿ?

ಡಬ್ಬಿ ರಾಯ: ಪ್ಯಾಸಿವ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ, ಅಲ್ಲ, ಮನೆಯಲ್ಲೇ ಮಾಡಿ. ನನ್ನದು ಸ್ಟೀಲ್ ಟಿಫನ್ ಡಬ್ಬಿಯಲ್ಲಿದೆ. ಮೊದಲು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜಪಾನಿನದು ಅಂತ 350 ರೂಪಾಯಿಗೆ 10ಕೆ ಪಾಟ್ (ದನಿ ತಿರುಗಿಸುವ ಗುಬುಟಿನ ರೆಸಿಸ್ಟರ್) ತಂದೆ. ದನಿ ಕಡಿಮೆ ಮಾಡಿದರೆ ಗಾಯಕರು ಎದ್ದು ಎಡಗಡೆ ಸ್ಪೀಕರ್ ಪಕ್ಕ ಕೂರುತ್ತಿದ್ದರು! ಬಿಚ್ಚಿ ಅಳೆದೆ. ಕೆಳಗಡೆ ಎರಡು ಚಾನೆಲ್‌ಗೂ ತಾಳಮೇಳವೇ ಇಲ್ಲ. ಆಮೇಲೆ ಅಸಲಿ ಪಾಟ್, ಕೊರಿಯರ್ ಸೇರಿ 2,400. ಆರ್‌ಸಿಎ ಸಾಕೆಟ್ ನಾಲ್ಕು, 720. ಡಬ್ಬಿ 260. ವೈರು, ಬೆಸುಗೆ ಸೀಸ 150. ದಂಡವಾದ 350 ಸೇರಿದರೂ 3,880. ಹನ್ನೊಂದು ವರ್ಷ ಆಯಿತು. ಕರೆಂಟೇ ಬೇಡ, ಇನ್ನು ಗುಂಯ್ ಅನ್ನುವುದು ಎಲ್ಲಿಂದ?

ಕಿವಿ ಪರೀಕ್ಷೆ: ಇಂಥ ಮಾತು ಕೇಳಿಯೇ ನಾನು ಹಾಳಾಗಿದ್ದು. ನನ್ನದೂ ಪ್ಯಾಸಿವ್, 100ಕೆ. ಪವರ್ ಆಂಪ್ ಸ್ಪೀಕರ್ ಹತ್ತಿರ, ನಡುವೆ 5 ಮೀಟರ್ ಕೇಬಲ್. ಭಜನೆಯ ತಾಳದ ಹೊಳಪೇ ಹೋಯಿತು. ಟ್ವೀಟರ್ ಹಳತಾಯಿತು ಅಂತ 14,000 ಕೊಟ್ಟು ಬದಲಾಯಿಸಿದೆ. ಅಷ್ಟೇ ಮಂಕು. ನನಗೆ 52, ಕಿವಿಯೇ ಹೋಗಿರಬೇಕು ಅಂತ 600 ಕೊಟ್ಟು ಪರೀಕ್ಷೆ ಮಾಡಿಸಿದೆ. ಡಾಕ್ಟರು "ಕಿವಿ ಚೆನ್ನಾಗಿದೆ, ಯಾಕೆ ಬಂದ್ರಿ?" ಅಂದರು. ಕೊನೆಗೆ ಲೆಕ್ಕ ಹಾಕಿದೆ. 100ಕೆ ಪಾಟ್, ಸಿಗ್ನಲ್ ಅರ್ಧಕ್ಕಿಳಿಸುವ ಜಾಗದಲ್ಲಿ 25ಕೆ ರೋಧ ಅಡ್ಡ ಇಡುತ್ತದೆ. ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಹಿಡಿದರೂ ಐದಕ್ಕೆ 500. ಅಲ್ಲಿಗೆ 12.7 ಕಿಲೋಹರ್ಟ್ಸ್‌ಗೇ 3 ಡಿಬಿ (ಅರ್ಧ ಶಕ್ತಿ) ಹೋಯಿತು. ಈಗ ಪಾಟ್ ಆದ ಮೇಲೆ, ಕೇಬಲ್‌ಗೆ ಮುಂಚೆ ಒಂದು ಬಫರ್ ಕೂರಿಸಿದ್ದೇನೆ. ಗೇನ್ (ಸಿಗ್ನಲ್ ಹೆಚ್ಚಿಸುವುದು) ಇಲ್ಲ, ಆದರೆ ಕೇಬಲ್ ಎಳೆಯುವ ತಾಕತ್ತಿದೆ. ತಾಳ ವಾಪಸ್ ಬಂತು, 14,600 ಬರಲಿಲ್ಲ.

ಡಬ್ಬಿ ರಾಯ: 100ಕೆ ಹಾಕಿದ್ದು ನಿಮ್ಮ ತಪ್ಪು. ಪ್ಯಾಸಿವ್‌ನ ತಪ್ಪಲ್ಲ.

ಕಿವಿ ಪರೀಕ್ಷೆ: 10ಕೆ ಕೂಡ ಹಾಕಿದ್ದೆ ಸ್ವಾಮಿ. ನನ್ನ ಟ್ಯೂಬ್ (ಗಾಜಿನ ವಾಲ್ವ್) ಫೋನೋ ಸ್ಟೇಜಿನ, ಅಂದರೆ ಎಲ್‌ಪಿ ರೆಕಾರ್ಡಿನ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆಯ, ಕೊನೆಯ ಕೆಪಾಸಿಟರ್ 0.47 ಮೈಕ್ರೋಫ್ಯಾರಡ್. 10ಕೆ ಎದುರು ಇಟ್ಟರೆ 34 ಹರ್ಟ್ಸ್‌ನಿಂದಲೇ ಕುಸಿತ. ಮೃದಂಗದ ಗುಮ್ಕಿ ಸೊರಗಿಹೋಯಿತು. ಡಬ್ಬಿಯಲ್ಲಿ ಊಟ ಕಟ್ಟಿ, ಸಂಗೀತ ಬೇಡ.

ಟ್ಯೂಬ್ ಮಾವ: ಇಬ್ಬರೂ ಸುಮ್ಮನಿರಿ. ನನ್ನದು 12ಎಯು7 ಟ್ಯೂಬಿನ ಆಕ್ಟಿವ್. ಒಪ್ಪುತ್ತೇನೆ, ಕಷ್ಟಪಟ್ಟಿದ್ದೇನೆ. ಮೂರು ತಿಂಗಳು 50 ಹರ್ಟ್ಸ್ ಹಮ್ (ಗುಂಯ್ ಸದ್ದು). ಹಳೇ ಮನೆ. ಮೂರು ಪಿನ್ನಿನ ಸಾಕೆಟ್ ಇದೆ, ಹಿಂದೆ ಅರ್ಥ್ ವೈರೇ ಇಲ್ಲ. ಗುಂಡಿ ತೋಡಿಸಿ, ಉಪ್ಪು, ಇದ್ದಿಲು ತುಂಬಿಸಿದ್ದಕ್ಕೆ 4,800. ಹಮ್ ಹೋಗಲಿಲ್ಲ! ಟಿವಿಯ ಕೇಬಲ್ ಕಿತ್ತಾಗ ಹೋಯಿತು. ಆಮೇಲೆ ಒಂದು ಮಳೆಗಾಲ ಕರೆಂಟ್ ಹೋಗಿ ಬಂತು, ಧಡ್ ಅಂತು, ವೂಫರ್ ಸುಟ್ಟಿತು. 6,500. ಈಗ ಮ್ಯೂಟ್ ರಿಲೇ ಹಾಕಿಸಿದ್ದೇನೆ, ಆನ್ ಆದ ಮೇಲೆ 40 ಸೆಕೆಂಡ್ ಬಾಯಿ ಬಿಡಲ್ಲ. ಆದರೆ ತಂಬೂರಿ ಕೇಳಬೇಕು ನೀವು. ಕೋಣೆಯಲ್ಲೇ ಮೀಟುತ್ತಿರುವ ಹಾಗಿರುತ್ತದೆ.

ಡಬ್ಬಿ ರಾಯ: ಅದು ತಂಬೂರಿ ಅಲ್ಲ ಮಾವ, ಟ್ಯೂಬ್ ತಾನಾಗಿ ಸೇರಿಸುವ ಸೆಕೆಂಡ್ ಹಾರ್ಮೋನಿಕ್. ದುಡ್ಡು ಕೊಟ್ಟು ಕೊಂಡ ಡಿಸ್ಟಾರ್ಷನ್.

ಟ್ಯೂಬ್ ಮಾವ: ಮೀಟರ್ ನೋಡಿಕೊಂಡು ಊಟದ ರುಚಿ ಹೇಳುವವರ ಹತ್ತಿರ ನನಗೇನು ಮಾತು. ತಂಬೂರಿಯನ್ನು ಎದುರಿಗೆ ಕೂತು ಕೇಳಿದ್ದೀರಾ ಒಮ್ಮೆಯಾದರೂ?

ಡಬ್ಬಿ ರಾಯ: ನಮ್ಮಮ್ಮ ಸಂಗೀತದ ಮೇಷ್ಟ್ರು.

ದಾವಣಗೆರೆ 24 ಬಿಟ್: ಡ್ಯಾಕ್‌ನಲ್ಲೇ ವಾಲ್ಯೂಮ್ ಇಲ್ವಾ?

ಟ್ಯೂಬ್ ಮಾವ: ಅಮ್ಮನ್ನ ಯಾಕೆ ತರ್ತೀರಿ ಮಧ್ಯೆ.

ಶಿರಸಿ ಮಳೆ: ನನ್ನ ಆಕ್ಟಿವ್‌ಗೆ 18 ಡಿಬಿ ಗೇನ್. 2 ವೋಲ್ಟ್ ಕೊಡುವ ಡ್ಯಾಕ್‌ಗೆ ಇನ್ನೂ ಎಂಟು ಪಟ್ಟು ಯಾಕೆ ಬೇಕು ಹೇಳಿ! ಗುಬುಟು ಒಂದು ಕೂದಲೆಳೆ ತಿರುಗಿಸಿದರೆ ಅತ್ತೆ ಎದ್ದು ಬರುತ್ತಿದ್ದರು. ಪಾಟಿನ ಎರಡು ಚಾನೆಲ್ ತಾಳ ತಪ್ಪುವುದೆಲ್ಲ ಅದೇ ಕೆಳತುದಿಯಲ್ಲಿ, ಹಾಗಾಗಿ ಬಲ ಚಾನೆಲ್ ಕೇಳಿಸುತ್ತಲೂ ಇರಲಿಲ್ಲ. ಅಂಗಡಿಯವನು "ರನ್ ಆಗಲಿ ಮೇಡಂ, ಸರಿಹೋಗುತ್ತೆ" ಅಂದ. ಎಂಟು ತಿಂಗಳು ರನ್ ಆಯಿತು. ಕೊನೆಗೆ ಪ್ರೀಆಂಪಿನ ಇನ್‌ಪುಟ್ ಪ್ಲಗ್ಗುಗಳೊಳಗೆ 9.1ಕೆ, 1ಕೆ ರೆಸಿಸ್ಟರ್ ಜೋಡಿ ಬೆಸೆದೆ. 20 ಡಿಬಿ ಇಳಿಯಿತು, ಗುಬುಟು ನಡುವಿಗೆ ಬಂತು. ನಾಲ್ಕು ರೆಸಿಸ್ಟರಿಗೆ 8 ರೂಪಾಯಿ. ಪ್ರೀಆಂಪಿಗೆ ಕೊಟ್ಟಿದ್ದು 31,000. ಅಲ್ಲಿ 18 ಏರಿಸಿ, ಇಲ್ಲಿ 20 ಇಳಿಸಿ. ನಗಬೇಡಿ.

ಕಿವಿ ಪರೀಕ್ಷೆ: ಯಾವ ರೆಸಿಸ್ಟರ್? ಕಾರ್ಬನ್ ಆದರೆ ನಾಯ್ಸ್ ಬರುತ್ತೆ.

ಶಿರಸಿ ಮಳೆ: ಮೆಟಲ್ ಫಿಲ್ಮ್. ಕೇಳಿದ್ದಕ್ಕೆ ಹೇಳಿದೆ, ಪಾಠ ಬೇಡ.

ಮೈಸೂರು ಹೊಸಬ: ಹಾಗಾದರೆ ನನಗೆ 10ಕೆ ಪ್ಯಾಸಿವ್ ನಡೆಯುತ್ತೆ ಅಂತಲಾ? ಕೇಬಲ್ ಒಂದೇ ಮೀಟರ್, ಫೋನೋ ಇಲ್ಲ.

ಟ್ಯೂಬ್ ಮಾವ: ಫೋನೋ ಇಲ್ವಾ? ಮತ್ತೇನು ಕೇಳ್ತೀರಿ ನೀವು?

ಡಬ್ಬಿ ರಾಯ: ಕಿವಿ ಪರೀಕ್ಷೆಯವರೇ, ಆ ನಿಮ್ಮ 10ಕೆ ಪಾಟ್ ಈಗ ಸುಮ್ನೆ ಬಿದ್ದಿದೆಯಾ? ಅಸಲಿ ಆಗಿದ್ದರೆ 1,000 ಕೊಡ್ತೀನಿ.

ಕಿವಿ ಪರೀಕ್ಷೆ: 1,800. ನಿಮಗಾದರೆ 2,000.